ಮುಂದೆ ಬಂದ ಮಂಗಳ

ಒಂದ್ನಿಮಿಷ ಇದನ್ನ ಪೂರ್ತಿ ಕೇಳಿ. ಅರ್ಧಕ್ಕೇ ಸೊಸೆದು ತಪ್ಪು, ಅತ್ತೆದು ತಪ್ಪು ಅಂತ ತೀರ್ಪು ಕೊಟ್ಟುಬಿಡಬೇಡಿ. ಪಾಪ, ಆ ಶುಭಾಂಗಿಗೇ ಇನ್ನೂ ಗೊತ್ತಾಗಿಲ್ಲ...

ಮುಂಬೈಯ ಆಂಟಾಪ್ ಹಿಲ್‌ನ ಆ ಮನೇಲಿ ಸೋಮವಾರದ ಭಜನೆ ಮುಗಿದು ಕಾಲು ಗಂಟೆ ಆಗಿತ್ತು. ಹತ್ತು ಹೆಂಗಸರು, ಒಬ್ಬರೂ ಏಳ್ತಿಲ್ಲ. ಮಂಗಳ ಹಾಡದೆ ಏಳೋ ಹಾಗಿಲ್ಲ. ಇಪ್ಪತ್ತೆರಡು ವರ್ಷದಿಂದ ಮಂಗಳ ಹಾಡೋದು ಅಂಬವ್ವ ಒಬ್ಬಳೇ. ಇವತ್ತು ಅವಳು ತಾಳ ಮಡಿಲಲ್ಲಿಟ್ಟುಕೊಂಡು ಗೋಡೆ ನೋಡ್ತಾ ಕೂತಿದ್ದಾಳೆ.

"ಹಾಡs ಯವ್ವಾ, ಅನ್ನಕ್ಕ ಇಟ್ಟು ಬಂದೀನಿ," ಅಂದಳು ಪಕ್ಕದ ಮನೆ ಕಾಶವ್ವ.

"ನನ್ನ ಮಂಗಳ ಗೋರೆಗಾಂವದಾಗ ಆಗೇದ. ಒಮ್ಮೆ ಆತಂದ್ರ ಮುಗೀತು."

ಸೊಸೆ ಶುಭಾಂಗಿ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

ಅವಳು ಕಾಂದಿವಲಿಯಲ್ಲಿ ಬೆಳೆದ ಹುಡುಗಿ, ಗೋರೆಗಾಂವ್‌ನಲ್ಲಿ ಕೀಬೋರ್ಡ್ ಟೀಚರ್. ಪ್ರತಿ ಸೋಮವಾರ ಕ್ಲಾಸ್ ಮುಗಿಸಿ ಲೋಕಲ್ ಹಿಡಿದು ಮನೆ ಮುಟ್ಟೋ ಹೊತ್ತಿಗೆ ಭಜನೆಯಲ್ಲಿ ಒಂದೇ ಹಾಡು ಉಳಿದಿರ್ತಿತ್ತು, ಆ ಮಂಗಳ. ಮೂರು ವರ್ಷದಿಂದ ಅದೊಂದೇ! ಅತ್ತೆಗೆ ತುಂಬಾ ಇಷ್ಟದ ಹಾಡು ಅಂದ್ಕೊಂಡಳು. ಚಪ್ಪಲಿ ಬಿಡ್ತಾ ಬಿಡ್ತಾ ಅಲ್ಲೇ ಕಣ್ಣು ತುಂಬ್ಕೊಳ್ತಿದ್ದಳು. ಅತ್ತೆಯ ಒಪ್ಪಿಗೆ ಕೇಳಿಯೇ ರೆಕಾರ್ಡ್ ಮಾಡಿದಳು. "ಬ್ಯಾಂಡ್‌ನಾಗ ಹಾಕ್ಲಿ ಅತ್ತಿ?" ಅಂದಾಗ ಅಂಬವ್ವ, "ಹಾಕವಾ, ದೇವರ ಹಾಡು ಎಲ್ಲಿದ್ರೇನು," ಅಂದಿದ್ದಳು.

ಅವಳು ಕೀಬೋರ್ಡ್ ನುಡಿಸೋ ಸುಹಾಸನ ಬ್ಯಾಂಡ್ ಅದಕ್ಕೆ ಪಿಯಾನೋ, ಡ್ರಮ್ಸ್, ಸ್ಯಾಕ್ಸೊಫೋನ್ ಸೇರಿಸ್ತು. ಗೋರೆಗಾಂವ್‌ನ ಶೋ ದಿನ ಅಂಬವ್ವ ಇಳಕಲ್ ಸೀರೆ ಉಟ್ಟು ಮಗ ಸೋಮನಾಥನ ಜೊತೆ ಮೊದಲನೇ ಸಾಲಲ್ಲಿ. ದೀಪ ಆರಿತು. ಶೋ ಶುರುವಾದದ್ದೇ ಆ ಹಾಡಿಂದ. ಕತ್ತಲಲ್ಲಿ ಅತ್ತೆಯ ದನಿ ಮಾತ್ರ... ಆಮೇಲೆ ಸ್ಯಾಕ್ಸೊಫೋನ್ ಮೆಲ್ಲಗೆ ಅದರ ಹಿಂದೆ ಹಿಂದೆ ಬಂತು. ಹಾಡು ಮುಗಿದದ್ದೇ ಅಂಬವ್ವ ಎದ್ದು ನಿಂತಳು, ಕೈ ಮುಗಿದಳು. ಜನ ಅದನ್ನ ನೋಡಿ ತಾವೂ ಎದ್ದು ಚಪ್ಪಾಳೆ ಹೊಡೆದರೇ ಹೊಡೆದರು! ಕೀಬೋರ್ಡ್ ಹಿಂದೆ ಶುಭಾಂಗಿ ಖುಷಿಗೆ ಬಿಕ್ಕಿದಳು. ಕಣ್ಣೊರೆಸಿ ನೋಡಿದ್ರೆ ಅತ್ತೆಯ ಕುರ್ಚಿ ಖಾಲಿ. ಹೊರಗೆ ಅಂಬವ್ವ ಮಗನಿಗೆ ಹೇಳಿದ್ದು ಇಷ್ಟೇ: "ಮಂಗಳ ಆತಲ್ಲೋ, ಇನ್ನ ಕೂಡ್ರಬಾರದು."

ಆವತ್ತಿಂದ ಅಂಬವ್ವ ಒಂದು ಸಾಲೂ ಹಾಡಿಲ್ಲ. ರೊಟ್ಟಿ ಬಡಿಯೋವಾಗಲೂ ಇಲ್ಲ.

ಈಗ ಶುಭಾಂಗಿ ಬಂದು ಅತ್ತೆಯ ಮುಂದೆ ಕೂತಳು. "ಪಾಪ್, ಜಾಝ್ ಜೊತಿ ಸೇರಿಸಿದ್ದು ತಪ್ಪಾತು ಅತ್ತಿ... ಮೈಲಿಗಿ ಮಾಡಿಬಿಟ್ಟೆ."

"ಯಾರಂದ್ರು ಹಂಗ? ಆ ಪೀಪಿ ಊದಾಂವ ಭಾಳ ಚಲೋ ಊದಿದ. ನನ್ನ ದನಿ ಅಷ್ಟು ಚಂದ ಅದ ಅಂತ ನನಗs ಗೊತ್ತಿರಲಿಲ್ಲ." ಅಂಬವ್ವ ತಾಳದ ದಾರ ಬೆರಳಿಗೆ ಸುತ್ತಿಕೊಂಡಳು. "ಆದ್ರ ಕಡೀ ಹಾಡು ಮುಂದ ಯಾಕಿಟ್ಟಿ ತಂಗಿ?"

 ಅದರ ಮುಂಚಿನ ಹಾಡು ಒಂದನ್ನೂ ಕೇಳಿರಲಿಲ್ಲ, ಅದನ್ನ ಕೊನೆಗೇ ಹಾಡಬೇಕು ಅಂತ ಗೊತ್ತಿರಲಿಲ್ಲ ಅಂತ ಶುಭಾಂಗಿ ಹೇಗೆ ಹೇಳೋದು?

ಅಂಬವ್ವ ತಾಳ ಎತ್ತಿ ಸೊಸೆಯ ಕೈಗಿಟ್ಟಳು. "ಇನ್ನ ನೀ ಹಾಡು. ನಂದು ಮುಗೀತು."

"ನನಗ ಬರಂಗಿಲ್ಲ ಅತ್ತಿ..."

"ಇದೊಂದು ಬರ್ತದಲ್ಲ. ಇವರೆಲ್ಲಾ ಮನೀಗೆ ಹೋಗಬೇಕು."

ಹಾಡಿದಳು. ಲಯ ತಾನಾಗೇ ಬ್ಯಾಂಡ್‌ದಾಯ್ತು. ಕಾಶವ್ವನ ಚಪ್ಪಾಳೆ ಎರಡು ಸಲ ದಾರಿ ತಪ್ಪಿತು. "ಏನ್ ಕುಣಿಸ್ತೀಯವಾ," ಅಂತ ಗೊಣಗಿದಳು, ಆದ್ರೂ ಬಿಡಲಿಲ್ಲ. ಮುಗಿದದ್ದೇ ಎಲ್ಲರೂ ಎದ್ದರು. ಅಂಬವ್ವನೂ ಎದ್ದು ಸೊಸೆಯ ಕಡೆ ಕೈ ಮುಗಿದಳು, ಆವತ್ತು ಮುಗಿದ ಹಾಗೇ. ಆಶೀರ್ವಾದವೋ, ಬೀಳ್ಕೊಡುಗೆಯೋ?

ಅಷ್ಟರಲ್ಲಿ ಸುಹಾಸನ ಫೋನು, ಅದೂ ಸ್ಪೀಕರಲ್ಲಿ. "ಶುಭಾ, ಶನಿವಾರ ದೊಡ್ಡ ಶೋ ಸಿಕ್ತು. ಆದ್ರೆ ಅವರಿಗೆ ಅದೇ ಓಪನಿಂಗ್ ಬೇಕಂತೆ, ನಿನ್ ಅತ್ತೆ ವಾಯ್ಸ್. ಲಾಸ್ಟಿಗೆ ಹಾಕಿದ್ರೆ ಶೋ ಇಲ್ಲ. ಹೂಂ ಅನ್ಲಾ?"

ಅತ್ತೆಯ ಕಡೆ ನೋಡಿದಳು. "ಮುಂದಿಡು, ಹಿಂದಿಡು, ಇನ್ನ ಅದು ನಿಂದು," ಅಂದು ಅಂಬವ್ವ ಒಳಗೆ ಹೋಗಿ ಹಿಟ್ಟು ನಾದೋಕೆ ಕೂತಳು. ಸದ್ದಿಲ್ಲದೆ...

ಒಂದು ಕೈಯಲ್ಲಿ ತಾಳ, ಇನ್ನೊಂದರಲ್ಲಿ ಫೋನು. ಆ ಕಡೆ ಸುಹಾಸ ಹಲೋ ಹಲೋ ಅಂತಲೇ ಇದ್ದಾನೆ. ನೀವಾಗಿದ್ರೆ ಏನಂತಿದ್ರಿ?