ಲಾಭ, ಎರಡು, ಮೂರು

1983ರ ಮಾರ್ಚ್ 9, ಬೆಳಿಗ್ಗೆ ಹತ್ತೂಕಾಲು. ಡ್ರಾಯಿಂಗ್ ಮೇಷ್ಟ್ರು ನರಸಪ್ಪ ಮಧುಗಿರಿ ಠಾಣೆಯ ಮೇಜಿನ ಮೇಲೆ ಎರಡು ಚಿತ್ರ ಹರಡಿದರು. ಎರಡೂ ಒಂದೇ: ಕೂದಲೆಳೆಯ ಗೆರೆಗಳಲ್ಲಿ ಚೌಕದೊಳಗೆ ಚೌಕ, ಒಟ್ಟು ಒಂಬತ್ತು, ನಡುವೆ ಖಾಲಿ. ಕೆಳಗೆ ಪೆನ್ಸಿಲ್ಲಿನಲ್ಲಿ 9/25, ಮೇಷ್ಟ್ರ ರುಜು.

ಇದಕ್ಕಿಂತ ನಮ್ಮನೆ ರಂಗೋಲಿ ವಾಸಿ ಎಂಬ ಮಾತು ಸಬ್ ಇನ್‌ಸ್ಪೆಕ್ಟರ್ ನಂದೀಶ್ವರಯ್ಯನವರ ಬಾಯಿತುದಿಗೆ ಬಂದಿತ್ತು. ಮೇಷ್ಟ್ರ ಮುಖ ನೋಡಿ ನುಂಗಿಕೊಂಡರು.

"ಮರದ ಹಲಗೆಯಿಂದ ಇಪ್ಪತ್ತೈದೇ ಅಚ್ಚು ಸಾರ್, ಇದು ಒಂಬತ್ತನೇದು. ಆಮೇಲೆ ಕೊಂಡವರ ಎದುರಿಗೇ ಹಲಗೆ ಗೀಚಿ ಕೆಡಿಸ್ತೀವಿ. ಇನ್ನೊಂದು ಬರಲ್ಲ ಅಂತ ಮಾತು ಕೊಟ್ಟಿದ್ದೆ. ಈ ಎರಡನೇದು ಶಿರಾದ ಫ್ರೇಮ್ ಅಂಗಡೀಲಿ ಸಿಕ್ತು. ರುಜು ನಂದಲ್ಲ. ಈಗ ಎಲ್ಲರ ಬಾಯಲ್ಲೂ ನಾನೇ ಮೋಸಗಾರ."

ಸುಳ್ಳು ರುಜು, ಮಾನಹಾನಿ ಎಂದು ಎಫ್‌ಐಆರ್ ಆಯಿತು. ಮೇಷ್ಟ್ರನ್ನೂ ಕೂರಿಸಿಕೊಂಡು ಜೀಪು ಶಿರಾ ಸೇರಿದಾಗ ಒಂದು ಗಂಟೆ.

"ಬಸ್ಸಲ್ಲಿ ಪಾರ್ಸಲ್ ಬಂತು ಸಾಬ್, ಕಳಿಸಿದವರ ಹೆಸರಿಲ್ಲ," ಎಂದರು ಅಂಗಡಿಯ ಸಾಬರು. "ಕೇಳಿದವರಿಗೆ ಪುಕ್ಸಟ್ಟೆ ಕೊಡಿ ಅಂತ ಚೀಟಿ. ನಾನೇ ಹೈರಾನ್."

ಪಂಚನಾಮೆಯಲ್ಲಿ ಲೆಕ್ಕ ಹಿಡಿದರೆ, ಮೇಷ್ಟ್ರು ತಂದದ್ದೂ ಸೇರಿ ಇಪ್ಪತ್ತನಾಲ್ಕು. 2ರಿಂದ 25.

"ಒಂದನೇದೆಲ್ಲಿ?"

"ಕಟ್ಟು ಬಿಚ್ಚಿದಾಗಲೇ ಇರಲಿಲ್ಲ ಸಾಬ್."

ಕಾನ್‌ಸ್ಟೇಬಲ್ ಕ್ಯಾತಪ್ಪ, ಕುರಿ ಕಾಯ್ದವರ ಮನೆಯವನು, ನಕ್ಕುಬಿಟ್ಟ. "ಒಂದು ಎಲ್ಲಿರ್ತದೆ ಸಾ? ಕುರಿ ಎಣಿಸ್ವಾಗ ನಮ್ಮೋರು ಮೊದಲ್ನೇದ್ಕೆ ಲಾಭ ಅಂತಾರೆ. ಲಾಭ, ಎರಡು, ಮೂರು. ಇವ್ನ್ಯಾರೋ ಲಾಭನ ದೇವ್ರ ಮುಂದೆ ಇಟ್ಕಂಡವ್ನೆ."

ಮೇಷ್ಟ್ರು ಕೈಲಿದ್ದ ಚಿತ್ರ ಕೆಳಗಿಟ್ಟರು. "ನಮ್ಮಣ್ಣ ಸಾರ್. ಹಲಗೆ ಕೆತ್ತೋನು ಅವನೇ. ಲಾಭ ಗೀಭ ಬೇಡ, ಒಂದು ಅಂತ ಬರಿ ಅಂತ ನಾನೇ ಎಷ್ಟು ಸಲ ಬೈದಿದೀನಿ."

ಪರರು ಮಾಡಿದ್ದರೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ನಂಬಿದವನೇ ಕತ್ತು ಕೊಯ್ದರೆ ಮನುಷ್ಯ ಏನು ಮಾಡಿಯಾನು? ಜೀಪು ಅಣ್ಣನ ಊರು ದೊಡ್ಡೇರಿಯ ಕಡೆ ತಿರುಗಿತು.

ಸಂಜೆ ನಾಲ್ಕೂ ನಲವತ್ತು. ಅಣ್ಣ ಓಬಯ್ಯನ ಮನೆಯ ದೇವರ ಗೂಡಿನಲ್ಲಿ ಆ ಚಿತ್ರವಿತ್ತು, ಮೂಲೆಗೆ ಕುಂಕುಮ. ನಂಬರಿನ ಜಾಗದಲ್ಲಿ ಪೆನ್ಸಿಲ್ಲಿನಲ್ಲಿ 'ಲಾಭ'.

"ನೀನೇ ಅಚ್ಚು ಹಾಕಿದ್ದಾ?"

"ಊ ಸಾ, ನಾನೇಯ."

"ಯಾವಾಗ?"

"ಹಲಗೆ ಗೀಚೋ ಹಿಂದ್ಲ ದಿನ. ನಾಳೆ ಗೀಚ್ತೀನಿ ಅಂತ ಇವ್ನು, ಚಿತ್ರ ಕೊಂಡ್ಕಂಡ ಆ ಬೆಂಗ್ಳೂರ್ನೋರ್ಗೆ ಇದೇ ಜಗಲಿ ಮ್ಯಾಲೆ ಯೋಳ್ತಿದ್ದ. ಆವಾಗ್ಲೇ ನಂಗೂ ಗೊತ್ತಾಗಿದ್ದು."

"ತಮ್ಮನ ರುಜು ಯಾಕೆ ಹಾಕಿದೆ?"

"ಅವ್ನ ಹೆಸ್ರಿಲ್ದಿದ್ರೆ ಯಾರ್ ಸಾ ಗ್ವಾಡೆಗಾಕ್ತಾರೆ?"

"ನನ್ನ ಮಾನ ಕಳೆದ್ಯಲ್ಲಣ್ಣ!" ಎಂದು ಮೇಷ್ಟ್ರು ಕೂಗಿಕೊಂಡರು.

ಓಬಯ್ಯ ತಮ್ಮನ ಕಡೆ ತಿರುಗಿದ. "ಮೂರ್ ತಿಂಗ್ಳು ಕೆತ್ತಿದ್ದೆ ಕಣ್ಲಾ. ನೀನು ನನ್ನ ಉಳೀನೇ ತಗಂಡು ಅದ್ರ ಮ್ಯಾಲೆ ಅಡ್ಡ ಎಳ್ದ್ಬುಟ್ಟೆ. ಅವ್ರೆಲ್ಲ ಚಪ್ಪಾಳೆ ತಟ್ಟುದ್ರು. ನಾನು ಕಾಪಿ ಲೋಟ ಇಡ್ಕಂಡು ನಿಂತಿದ್ದೆ."

ಐದೂ ಇಪ್ಪತ್ತೈದಕ್ಕೆ ದಸ್ತಗಿರಿ. ಓಬಯ್ಯ ತಾನೇ ಹೋಗಿ ಜೀಪಿನ ಹಿಂದೆ ಕುಳಿತ.

ಠಾಣೆಯಲ್ಲಿ ನಂದೀಶ್ವರಯ್ಯನವರು ಕೇಸ್ ಡೈರಿ ತೆರೆದು, ಬರೆಯುವ ಮುಂಚೆ ಕೇಳಿದರು: "ಗೀಚೋ ಮುಂಚೆ ಅಣ್ಣನಿಗೆ ಒಂದು ಮಾತು ಹೇಳಲಿಲ್ವೇ ಮೇಷ್ಟ್ರೇ?"

"ಅವನು ಕೆತ್ತೋನು ಅಷ್ಟೇ ಅಲ್ವಾ ಸಾರ್..." ಎಂದವರು ಅಲ್ಲಿಗೇ ತಡೆದರು. "ಹೇಳಬೇಕು ಅಂತ ಹೊಳೀಲೇ ಇಲ್ಲ," ಎಂದರು.

ನಂದೀಶ್ವರಯ್ಯನವರು ಕಾರಣದ ಎದುರು ಬರೆದುಕೊಂಡರು: 'ತಾನು ಕೆತ್ತಿದ ಹಲಗೆಯನ್ನು ತನ್ನನ್ನು ಕೇಳದೆ ಕೆಡಿಸಿದ್ದಕ್ಕೆ ಮನನೊಂದು.'