ಆಚೆ ಬದಿಯ ಬಾಗಿಲು

ಮಧ್ಯಾಹ್ನದ ಲೋಕಲ್ ಅಂಧೇರಿಗೆ ಬಂದು ನಿಂತಿತು. ಕೊನೆಯ ಡಬ್ಬಿಯಲ್ಲಿ ಒಬ್ಬ ಕಿಟಕಿಗೆ ಒರಗಿ ಕುಳಿತೇ ಇದ್ದ. ಅವನ ಗಂಟಲು ಕಿವಿಯಿಂದ ಕಿವಿಯವರೆಗೆ ಸೀಳಿತ್ತು. ರಕ್ತ ಬೆಂಚಿನಿಂದ ಹಲಗೆಗೆ, ಹಲಗೆಯಿಂದ ಹಳಿಗೆ ಸೋರುತ್ತಿತ್ತು.

ಹೆಣವನ್ನು ತಬ್ಬಿಕೊಂಡು ಇನ್ನೊಬ್ಬ ಕೂಗುತ್ತಿದ್ದ. ತಲೆಗೆ ರುಮಾಲು, ಪಕ್ಕದಲ್ಲಿ ಬುತ್ತಿಗಂಟು, ಅಂಗಿಯ ತುಂಬ ರಕ್ತ. ಹೆಸರು ಗದಿಗೆಪ್ಪ. ವಿಜಾಪುರದ ಕಡೆಯವನು. ಮುಂಬಯಿ ನೋಡಲೆಂದು ಮೊನ್ನೆಯಷ್ಟೇ ಬಂದಿದ್ದನಂತೆ.

ರೈಲ್ವೆ ಪೊಲೀಸಿನ ಸಬ್ ಇನ್‌ಸ್ಪೆಕ್ಟರ್ ಶಿವಪುತ್ರಪ್ಪ ಓಡಿ ಬಂದ. ಬೆಳಗಾವಿ, ವಿಜಾಪುರಗಳು ಇನ್ನೂ ಮುಂಬಯಿ ರಾಜ್ಯದಲ್ಲೇ ಇದ್ದ ಕಾಲ. ಬೆಳಗಾವಿಯ ಈ ಮನುಷ್ಯ ಅಂಧೇರಿಗೆ ವರ್ಗವಾಗಿ ಬಂದು ವರ್ಷಗಳಾಗಿದ್ದವು. ತನ್ನ ಕಡೆಯ ಮಾತಾಡುವ ಸಾಕ್ಷಿ ಸಿಕ್ಕಿದನೆಂದು ಅವನಿಗೆ ಒಳಗೊಳಗೇ ಖುಷಿಯಾಯಿತು. ಪೊಲೀಸರಿಗೆ ಆ ಜಾತಿಯ ಖುಷಿ ಒಳ್ಳೆಯದಲ್ಲ.

"ಏನ್ ನೋಡಿದಿ, ಹೇಳು."

"ದಾದರದಾಗ ಹತ್ತಿದೆ ಸಾಹೇಬ್ರ. ಡಬ್ಬ್ಯಾಗ ನಾ, ಈ ಯಜಮಾನ್ರು, ಇನ್ನೊಬ್ಬಾವ. ಅಷ್ಟ ಮಂದಿ. ನಾ ಬಾಗಲದಾಗ ನಿಂತು ಊರು ನೋಡಾಕತ್ತಿದ್ದೆ. ಹಿಂದ ಗೊರ್ ಅಂತು. ತಿರುಗೂದ್ರಾಗ ಅವ ಕೊಯ್ದು, ಹಿಂದಿನ ಸ್ಟೇಷನ್ನಿನ್ಯಾಗ ಹಾರಿ ಹೋದ. ನಾ ಇವ್ರನ್ನ ಹಿಡಕೊಂಡೆ. ಜೀವ ಹೋಗಿತ್ತು."

"ಸರಪಳಿ ಯಾಕ ಜಗ್ಗಲಿಲ್ಲ?"

"ಯಾ ಸರಪಳಿರಿ?"

ಶಿವಪುತ್ರಪ್ಪನಿಗೆ ನಗು ಬಂತು. "ಆತು. ಹ್ಯಾಂಗಿದ್ದ ಅವ?"

"ಸಣಕಲ. ಹೋಟೆಲ್ಲಿನಾವರಂಗ ಬಿಳಿ ಅಂಗಿ. ಎರಡೂ ಮುಂಗೈ ಮ್ಯಾಲೆ ಸುಟ್ಟ ಕಲಿ."

ಸತ್ತವನು ಸದಾನಂದ. ಜೋಗೇಶ್ವರಿಯಲ್ಲಿ ಉಡುಪಿ ಹೋಟೆಲಿನ ಧಣಿ. ಆಳುಗಳ ಮೇಲೆ ಕೈ ಮಾಡುವುದರಲ್ಲಿ ಹೆಸರಾದವನು. ಹೋದ ವಾರ ತನ್ನ ಅಡಿಗೆಯವನನ್ನು ಗಿರಾಕಿಗಳ ಎದುರೇ ಒದ್ದು ಬೀದಿಗೆ ಹಾಕಿದ್ದ. 'ನಿನ್ನನ್ನು ಕೊಂದೇ ಬಿಡುತ್ತೇನೆ' ಎಂದು ಅಡಿಗೆಯವನು ಕೂಗಿದ್ದನ್ನು ಇಡೀ ಬೀದಿ ಕೇಳಿತ್ತು. ಆ ಅಡಿಗೆಯವನ ಹೆಸರು ಅಣ್ಣು. ಸಣಕಲ. ಎರಡೂ ಮುಂಗೈ ಮೇಲೆ ಸುಟ್ಟ ಕಲೆ.

* * *

ಸಂಜೆಯೊಳಗೆ ಅಣ್ಣುವನ್ನು ಕುರ್ಲಾದ ಚಾಳಿನ ಕೋಣೆಯಿಂದ ಎತ್ತಿ ತಂದರು. ಗದಿಗೆಪ್ಪ ನೋಡಿದವನೇ ಬೆರಳು ತೋರಿಸಿದ. ಆಮೇಲೆ ಲಾಕಪ್ಪಿನಲ್ಲಿ ಲಾಠಿ ಮಾತಾಡಿತು. ಅಣ್ಣುವಿನ ಎರಡು ಬೆರಳು ಮುರಿದವು, ಒಂದು ಕಣ್ಣು ಮುಚ್ಚಿಹೋಯಿತು. ತಪ್ಪೊಪ್ಪಿಗೆ ಮಾತ್ರ ಬರಲಿಲ್ಲ.

ಅವನ ಹೆಂಡತಿ ಸೇವಂತಿ ಠಾಣೆಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಪ್ರತಿ ಏಟೂ ಅವಳಿಗೆ ಕೇಳಿಸುತ್ತಿತ್ತು.

"ಅವರಿಗೆ ಜ್ವರ ಸಾಯ್ಬ್ರೇ. ಇಡೀ ದಿನ ಮಲಗಿಯೇ ಇದ್ದದ್ದು. ಗಂಜಿ ಕುಡಿಸಿದ್ದು ನಾನೇ."

"ಹೆಂಡತಿ ಮಾತು ಕೋರ್ಟಿನ್ಯಾಗ ನಿಲ್ಲೂದಿಲ್ಲವ್ವಾ."

"ಹಾಗಾದರೆ ಗಲ್ಲಿಗೆ ಹಾಕುವುದಾ?"

ಶಿವಪುತ್ರಪ್ಪ ಒಳಗೆ ಹೋಗಿ ಅಣ್ಣುವಿನ ಬಟ್ಟೆಗಳನ್ನು ಹರವಿ ನೋಡಿದ. ಚಾಳಿನಿಂದ ತಂದ ಅಂಗಿಗಳೆಲ್ಲ ಮುಂಗೈ ಮುಚ್ಚುವ ಉದ್ದ ತೋಳಿನವು. ಒಂದರ ಮೇಲೂ ರಕ್ತದ ಕಲೆಯಿಲ್ಲ.

"ಮುಂಗೈ ಮ್ಯಾಲಿನ ಕಲಿ ಯಾಕ ಮುಚ್ಚಿಕೋತಿ?"

"ಅಡಿಗೆಯವ ಅಲ್ಲವಾ, ಎಣ್ಣೆ ಹಾರಿದ್ದು," ಎಂದ ಅಣ್ಣು, ನೆಲ ನೋಡುತ್ತ. "ಜನ ನೋಡಿದರೆ ನಾಚಿಕೆ ಆಗುವುದು."

ಉದ್ದ ತೋಳಿನ ಒಳಗಿದ್ದ ಕಲೆ ಓಡುವ ಗಾಡಿಯಲ್ಲಿ ಗದಿಗೆಪ್ಪನಿಗೆ ಕಂಡದ್ದು ಹೇಗೆ? ಶಿವಪುತ್ರಪ್ಪ ಮಲಗಲು ಹೋದರೂ ಆ ಪ್ರಶ್ನೆ ಅವನನ್ನು ಬಿಡಲಿಲ್ಲ.

* * *

"ಬಾ ಗದಿಗೆಪ್ಪ, ದಾದರದಿಂದ ಸುರು ಮಾಡಿ ನಿನಗ ಮುಂಬಯಿ ತೋರಸ್ತೀನಿ," ಎಂದ ಶಿವಪುತ್ರಪ್ಪ ಮರುದಿನ ಬೆಳಿಗ್ಗೆ.

ಇಬ್ಬರೂ ಚರ್ಚ್‌ಗೇಟ್ ಲೋಕಲ್ ಹತ್ತಿದರು. ಡಬ್ಬಿ ಕಿಕ್ಕಿರಿದಿತ್ತು. ಹತ್ತಿದ ಬಾಗಿಲ ಬಳಿಯೇ ನಿಂತರು. ಗದಿಗೆಪ್ಪ ಪ್ರತಿ ಸ್ಟೇಷನ್ನಿಗೂ ಬಾಯಿ ತೆರೆದು "ಇದ್ಯಾವ ಊರ್ರಿ?" ಎಂದು ಕೇಳುತ್ತಿದ್ದ.

ಬಾಂದ್ರಾ ಬಿಟ್ಟ ಮೇಲೆ ಶಿವಪುತ್ರಪ್ಪ ತಟ್ಟನೆ ಹೇಳಿದ: "ದಾದರ್ ಬ್ಯಾಡ. ಮುಂದಿನ ಮಾಹಿಮದಾಗ ಇಳಿಯೂನು. ಸಣ್ಣ ಕೆಲಸ ಐತಿ."

ಮಾಹಿಮ್‌ಗೆ ಇಳಿಯುವವರು ಬೇರೆ ಯಾರೂ ಇರಲಿಲ್ಲ. ಒಬ್ಬರೂ ಕದಲಲಿಲ್ಲ. ಹೊರಗೆ ಬರೀ ಕೊಲ್ಲಿಯ ಕಪ್ಪು ನೀರು. ಆದರೂ ಗದಿಗೆಪ್ಪ ಗಂಟು ಎತ್ತಿಕೊಂಡು, ಭುಜದಿಂದ ಜನರನ್ನು ಸರಿಸುತ್ತ, ಹತ್ತಿದ ಬಾಗಿಲನ್ನು ಬಿಟ್ಟು ಆಚೆ ಬದಿಯ ಬಾಗಿಲಿಗೆ ಹೋಗಿ ನಿಂತ.

ಶಿವಪುತ್ರಪ್ಪ ಮುಂಬಯಿಗೆ ಹೊಸದಾಗಿ ಬಂದಾಗ ಹತ್ತಿದ ಬಾಗಿಲಲ್ಲೇ ಇಳಿಯಲು ಕಾದು ನಿಲ್ಲುತ್ತಿದ್ದ. ಪ್ಲಾಟ್‌ಫಾರಂ ಬೆನ್ನ ಹಿಂದೆ ಬಂದು ಹೋಗಿಬಿಡುತ್ತಿತ್ತು. ಊರಿಂದ ಬಂದವರೆಲ್ಲ ಮಾಡುವ ತಪ್ಪು ಅದು. ಯಾವ ಸ್ಟೇಷನ್ನಿಗೆ ಯಾವ ಬಾಗಿಲು ಎಂಬುದು ತಿಂಗಳುಗಟ್ಟಲೆ ಓಡಾಡಿದ ಮೇಲೆ ಕಾಲಿಗೆ ತಾನಾಗಿ ಬರುತ್ತದೆ.

ಅವನು ಜನರ ನಡುವೆ ನುಸುಳಿ ಹತ್ತಿರ ಹೋದ. "ಪ್ಲಾಟ್‌ಫಾರಂ ಈ ಕಡೆ ಬರತೈತಿ ಅಂತ ನಿನಗ ಯಾರು ಹೇಳಿದ್ರು?"

ಗದಿಗೆಪ್ಪ ತಲೆಯಿಂದ ಅವನ ಮುಖಕ್ಕೆ ಗುದ್ದಿದ. ಮೂಗು ಒಡೆಯಿತು. ಗದಿಗೆಪ್ಪ ಕೊರಳಪಟ್ಟಿ ಹಿಡಿದು ಅವನನ್ನು ಹೊರಗೆ ನೂಕಿದ. ಶಿವಪುತ್ರಪ್ಪ ಬಾಗಿಲ ಸರಳಿಗೆ ಜೋತುಬಿದ್ದ. ಹಳಿಯ ಪಕ್ಕದ ಕಬ್ಬಿಣದ ಕಂಬ ಅವನ ಭುಜದ ಚರ್ಮವನ್ನು ಸುಲಿದುಕೊಂಡು ಹೋಯಿತು. ಗದಿಗೆಪ್ಪ ಅವನ ಬೆರಳುಗಳನ್ನು ಹಿಮ್ಮಡಿಯಿಂದ ಜಜ್ಜತೊಡಗಿದ. ಶಿವಪುತ್ರಪ್ಪ ಇದ್ದಬದ್ದ ಶಕ್ತಿ ಸೇರಿಸಿ ಅವನ ಮೊಣಕಾಲಿಗೆ ಒದ್ದ. ಮೂಳೆ ಮುರಿದ ಸದ್ದು ಗಾಡಿಯ ಸದ್ದಿನಲ್ಲೂ ಕೇಳಿಸಿತು. ಆಮೇಲೆ ಜನ ಗದಿಗೆಪ್ಪನ ಮೇಲೆ ಬಿದ್ದು ಶಿವಪುತ್ರಪ್ಪನನ್ನು ಒಳಗೆ ಎಳೆದುಕೊಂಡರು.

* * *

ಮಾಹಿಮ್ ಪ್ಲಾಟ್‌ಫಾರಂ ಮೇಲೆ ಇಬ್ಬರೂ ರಕ್ತ ಉಗುಳುತ್ತ ಕುಳಿತರು.

"ಕೊಂದಾವನ ಅಂಗಿ ಮ್ಯಾಲೆ ರಕ್ತ ಇರಬೇಕು," ಎಂದ ಶಿವಪುತ್ರಪ್ಪ. "ಅದಕ್ಕ ಹೆಣಾ ತಬ್ಬಿಕೊಂಡಿ, ಯಾರೂ ಸಂಶೇ ಪಡಬಾರದಂತ. ತೋಳಿನ ಒಳಗಿನ ಕಲಿ ಹೇಳಿದಿ, ಮೊದಲ ಗೊತ್ತಿದ್ದಾವಗಷ್ಟ ಅದು ಗೊತ್ತಿರತೈತಿ. ಉಳಿದದ್ದು ನಿನ್ನ ಕಾಲು ಹೇಳಿತು. ಎಷ್ಟು ದಿನದಿಂದ ಈ ಊರಾಗ ಅದಿ?"

"ವರ್ಷ ಆತು. ಜೋಗೇಶ್ವರಿ ಕಾರಖಾನ್ಯಾಗ ದುಡದೀನಿ. ಸದಾನಂದ ಯಾವ ಗಾಡಿ ಹತ್ತತಾನ, ಎಂದು ಒಬ್ಬನ ಸಿಗತಾನ ಅಂತ ನೋಡಕೋತ ತಿರುಗೀನಿ."

"ಯಾಕ?"

"ನನ್ನ ತಮ್ಮ ಪರಪ್ಪ ಅವನ ಹೋಟೆಲಿನ್ಯಾಗ ಕಟಗಿ ಒಡೀತಿದ್ದ. ತುಪ್ಪ ಕದ್ದಾನಂತ ಎದಿ ಮ್ಯಾಲೆ ಕುದಿಯೂ ಎಣ್ಣಿ ಸುರುವಿದ. ಕಾಲು ಜಾರಿ ಬಿದ್ದಾನಂತ ನಿಮ್ಮ ಮಂದಿ ಬರಕೊಂಡ್ರು. ನಾ ದವಾಖಾನಿಗೆ ಬಂದಾಗ ಇನ್ನೂ ಉಸರಿತ್ತು. ಎಲ್ಲಾ ಹೇಳಿ ಸತ್ತ."

ಶಿವಪುತ್ರಪ್ಪ ಮೂಗಿನ ರಕ್ತ ಒರೆಸಿಕೊಂಡು ಕೇಳಿದ: "ಬಡವ ಅಣ್ಣು ಏನ ಮಾಡಿದ್ದ? ಅವನ್ನ ಯಾಕ ಗಲ್ಲಿಗೆ ಏರಸಾಕ ಹೊಂಟಿ?"

ಗದಿಗೆಪ್ಪ ಮುರಿದ ಹಲ್ಲು ಉಗುಳಿದ. "ಎಣ್ಣಿ ಸುರುವುಮುಂದ ಪರಪ್ಪನ್ನ ಹಿಂದಿನಿಂದ ತೆಕ್ಕಿ ಹಾಯ್ದು ಹಿಡಿದಾವ ಯಾರು? ಅವನ ಮುಂಗೈ ಕೇಳ್ರಿ ಸಾಹೇಬ್ರ."

* * *

ಗದಿಗೆಪ್ಪ ಸಿಕ್ಕಿಬಿದ್ದ ಸುದ್ದಿ ಅಷ್ಟರೊಳಗೆ ಠಾಣೆಗೆ ಮುಟ್ಟಿತ್ತು. ಪೇದೆ ಲಾಕಪ್ಪಿನ ಬಾಗಿಲು ತೆರೆದಿದ್ದ. ಸೇವಂತಿ ಗಂಡನ ಮುರಿದ ಬೆರಳುಗಳಿಗೆ ತನ್ನ ಸೆರಗಿನ ತುಂಡು ಸುತ್ತುತ್ತಿದ್ದಳು.

ಒಳಗೆ ಬಂದ ಶಿವಪುತ್ರಪ್ಪ ಅವಳ ಕಡೆ ನೋಡಲಿಲ್ಲ. "ಅಣ್ಣು, ಪರಪ್ಪನ್ನ ಹಿಡಿದಾವ ನೀನ ಏನು?"

ಅಣ್ಣು ಅಂಗಿಯ ತೋಳನ್ನು ಮುಂಗೈ ಮೇಲೆ ಎಳೆದುಕೊಂಡ.

"ಧಣಿಗಳು ಹಿಡಿ ಅಂದರು," ಎಂದ ಅಣ್ಣು. "ಹಿಡಿದೆ."

ಸೇವಂತಿಯ ಕೈ ನಿಂತಿತು. ಆ ಸುಟ್ಟ ಗಾಯಗಳಿಗೆ ತಿಂಗಳುಗಟ್ಟಲೆ ಬೆಣ್ಣೆ ಹಚ್ಚಿದವಳು ಅವಳೇ. ಸುತ್ತುತ್ತಿದ್ದ ಬಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಮೆಟ್ಟಿಲಿಳಿದು ಸ್ಟೇಷನ್ನಿನ ಕಡೆ ನಡೆದಳು.

ಪೇದೆ ಬೀಗ ಹಿಡಿದುಕೊಂಡು ನಿಂತಿದ್ದ. "ಏನ್ ಮಾಡೂನ್ರಿ, ಬಿಡೂದೋ, ಬೀಗ ಹಾಕೂದೋ?"

"ಹಾಕು," ಎಂದ ಶಿವಪುತ್ರಪ್ಪ.