ಹನ್ನೊಂದು ದಿನಗಳ ಅಫಿಡವಿಟ್ಟು

ಸತತ ಹನ್ನೊಂದು ದಿನ ಮೇಷ್ಟ್ರು ನಮ್ಮ ರಟ್ಟಿನ ಡಬ್ಬಿಯ ವರ್ಕ್‌ಶಾಪಿಗೆ ಬಂದರು. ನಿಜವಾದ ಮೇಷ್ಟ್ರಲ್ಲ, ನಮ್ಮ ಬೀದಿಯ ಸಣ್ಣ ಅಂಗಡಿಗಳ ಟ್ಯಾಕ್ಸ್ ಕೆಲಸ ನೋಡಿಕೊಳ್ಳುವವರು. ಒಂದು ಫಾರಂ ತುಂಬಿಸುವಾಗಲೂ ಪಾಠ ಹೇಳುವ ಹಾಗೆ ವಿವರಿಸುತ್ತಾರೆಂದು ಆ ಹೆಸರು ಬಂದಿತ್ತು. ಸಂಜೆ ಐದಕ್ಕೆ ಬರುವುದು, ರಟ್ಟಿನ ಹಾಳೆಗಳ ಕಟ್ಟಿನ ಮೇಲೆ ಕೂರುವುದು, ಅತ್ತಿಗೆ ಕೊಟ್ಟ ಟೀ ಕುಡಿಯುವುದು, ನಾನು ಮೆಶೀನಿನಲ್ಲಿ ಡಬ್ಬಿಯ ಹಾಳೆ ಮಡಿಸುವುದನ್ನು ನೋಡುವುದು, ಏನೋ ಹೇಳಲು ಬಾಯಿ ತೆರೆಯುವುದು, ಆಮೇಲೆ ಬ್ಯಾಗು ಎತ್ತಿಕೊಂಡು ಹೊರಡುವುದು. ಇಷ್ಟೇ.

ತಿಂಗಳಿಗೊಮ್ಮೆ ಬರುವ ಮನುಷ್ಯ ದಿನಾ ಬಂದರೆ ಯಾರಿಗಾದರೂ ಏನನ್ನಿಸಬೇಕು? ಅತ್ತಿಗೆಗೆ ಮೂರನೇ ದಿನಕ್ಕೇ ಅನ್ನಿಸಿತು. ಅಂಟು ಬಳಿಯುತ್ತಲೇ ನನ್ನತ್ತ ಹುಬ್ಬು ಹಾರಿಸಿದಳು. ನಾನು ಸುಮ್ಮನಿರು ಅಂತ ಗದರಿದೆ. ಐದನೇ ದಿನ ನಾಲ್ಕೂ ಮುಕ್ಕಾಲಿಗೆ ಮುಖ ತೊಳೆದುಕೊಂಡೆ. ಎಂಟನೇ ದಿನ ಓಲೆ ಬದಲಿಸಿದೆ. ಮೂವತ್ತೆಂಟು ವರ್ಷದವಳು ನಾನು. ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

ಹನ್ನೆರಡನೇ ದಿನ ಬ್ಯಾಗಿನಿಂದ ಕಾಗದ ಹೊರಬಂತು.

ಪ್ರೇಮಪತ್ರವಲ್ಲ, ತೆರಿಗೆ ಇಲಾಖೆಯ ಆದೇಶ. ನಮ್ಮ ಬಿಲ್ಲುಗಳನ್ನೇ ಎರಡೆರಡು ಸಲ ಎಣಿಸಿ, ನಾವು ಜನ್ಮದಲ್ಲಿ ಕಟ್ಟಲಾರದಷ್ಟು ತೆರಿಗೆ ಹಾಕಿದ್ದರು. ಅದರ ಮೇಲೆ ಮೇಲ್ಮನವಿ ಹಾಕಲು ಮೂರು ತಿಂಗಳ ಗಡುವು. ಗಡುವು ಮುಗಿದು ಇಪ್ಪತ್ತಾರು ದಿನ ಆಗಿತ್ತು. ತಕ್ಕ ಕಾರಣ ತೋರಿಸಿದರೆ ಇನ್ನೊಂದು ತಿಂಗಳವರೆಗಿನ ವಿಳಂಬವನ್ನು ಮನ್ನಿಸಬಹುದಂತೆ. ಅಂದರೆ ಉಳಿದದ್ದು ನಾಲ್ಕು ದಿನ. ಮನ್ನಿಸದಿದ್ದರೆ ಬಿಲ್ಲು ಸರಿಯೋ ತಪ್ಪೋ ಅಂತ ಯಾರೂ ನೋಡುವುದೇ ಇಲ್ಲ. ಎರಡು ಮೆಶೀನು ಮಾರಿ, ಆರು ಜನ ಹೆಂಗಸರನ್ನು ಮನೆಗೆ ಕಳಿಸಿ ಬಾಗಿಲು ಹಾಕಬೇಕು.

ಆದೇಶ ನನ್ನ ಕೈಗೆ ಯಾಕೆ ಬರಲಿಲ್ಲ ಅಂತ ಕೇಳಿದೆ. ಕೈಗೆ ಕೊಡುವುದಿಲ್ಲವಂತೆ. ಇಲಾಖೆಯ ವೆಬ್‌ಸೈಟಿನ ಯಾವುದೋ ಮೂಲೆಯ ಪುಟಕ್ಕೆ ಏರಿಸಿ, ಮುಟ್ಟಿತು ಅಂದುಕೊಂಡುಬಿಡುತ್ತಾರಂತೆ. ಮೆಸೇಜು ಹೋದದ್ದು ಮೇಷ್ಟ್ರ ನಂಬರಿಗೆ. ಒಟಿಪಿ ಬಂದಾಗಲೆಲ್ಲ ಅಂಗಡಿಯವರಿಗೆ ಯಾಕೆ ತೊಂದರೆ ಅಂತ ಇಡೀ ಬೀದಿಯ ಪರವಾಗಿ ಇಲಾಖೆಗೆ ತಮ್ಮ ನಂಬರನ್ನೇ ಕೊಟ್ಟಿದ್ದರು, ಪುಣ್ಯಾತ್ಮ. ನೂರಾರು ಮೆಸೇಜುಗಳ ನಡುವೆ ನಮ್ಮದು ಹೂತುಹೋಗಿತ್ತು. ಅವರ ಕಣ್ಣಿಗೆ ಬಿದ್ದದ್ದು ಗಡುವು ಮುಗಿದ ಹದಿನೈದನೇ ದಿನ.

"ಹಾಗಾದ್ರೆ ಈ ಹನ್ನೊಂದು ದಿನ?" ಅಂದೆ.

ಮೇಷ್ಟ್ರು ತಲೆ ತಗ್ಗಿಸಿದರು. "ಬ್ಯಾಗಲ್ಲೇ ಇತ್ತು."

ವರ್ಕ್‌ಶಾಪು ಹೋಗುತ್ತದೆ ಅನ್ನುವ ಹೆದರಿಕೆ ಒಂದು ಕಡೆ. ಇವರು ಬಂದದ್ದು ನನಗಾಗಿ ಅಲ್ಲ, ಈ ಹಾಳು ಕಾಗದಕ್ಕಾಗಿ ಅನ್ನುವ ಅವಮಾನ ಇನ್ನೊಂದು ಕಡೆ. ಯಾವುದು ಹೆಚ್ಚು ಸುಟ್ಟಿತು ಅಂತ ಕೇಳಿದರೆ ನಾನು ಉತ್ತರ ಕೊಡುವುದಿಲ್ಲ. "ಎದ್ದು ಹೊರಗೆ ಹೋಗಿ," ಅಂದೆ. ಹೋದರು. ಟೀ ಲೋಟ ಹಾಗೇ ಉಳಿಯಿತು.

ಮಾರನೆಯ ದಿನ ಸುದ್ದಿ ತಿಳಿದು ಅಕ್ಕಪಕ್ಕದ ಅಂಗಡಿಯವರು ಬಂದು ಒಂದೇ ಉಪಾಯ ಹೇಳಿದರು: ನನಗೆ ಕಾಮಾಲೆ ಆಗಿತ್ತು ಅಂತ ಡಾಕ್ಟರ ಸರ್ಟಿಫಿಕೇಟು ತಂದರಾಯಿತು, ಎಲ್ಲರೂ ಹಾಗೇ ಮಾಡುತ್ತಾರೆ. ಹತ್ತು ವರ್ಷದಲ್ಲಿ ಒಂದು ದಿನವೂ ಹಾಸಿಗೆ ಹಿಡಿಯದವಳು ನಾನು, ಯಾರದೋ ತಪ್ಪಿಗೆ ಕಾಮಾಲೆ ಬರಿಸಿಕೊಳ್ಳಬೇಕೇ? ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ಆಗ ಬಾಯಿ ಬಿಟ್ಟರು.

"ಸುಳ್ಳು ಬೇಡ. ನನ್ನ ಅಫಿಡವಿಟ್ಟು ನಾನು ಹಾಕ್ತೀನಿ. ನಡೆದದ್ದು ನಡೆದ ಹಾಗೇ ಬರೀತೀನಿ."

ಹಾಗೆ ಬರೆದರೆ ಬೀದಿಯ ಒಂದು ಅಂಗಡಿಯೂ ನಿಮ್ಮ ಹತ್ತಿರ ಉಳಿಯುವುದಿಲ್ಲ ಅಂತ ಅತ್ತಿಗೆ ಎಚ್ಚರಿಸಿದಳು. ಉಳಿಯದಿದ್ದರೆ ಬೇಡ ಅಂದರು. ಆ ಮಾತು ನನ್ನ ಮನಸ್ಸಿಗೆ ತಾಗಿತು. ತಾಗಿತಲ್ಲ ಅಂತ ಇನ್ನಷ್ಟು ಸಿಟ್ಟು ಬಂತು. ಇಪ್ಪತ್ತೆಂಟನೇ ದಿನ ಮೇಲ್ಮನವಿ ಹೋಯಿತು. ಅವರು ಏನು ಬರೆದಿದ್ದಾರೆಂದು ನಾನು ಕೇಳಲಿಲ್ಲ, ಮುಖವನ್ನೂ ನೋಡಲಿಲ್ಲ.

ಆರು ವಾರದ ಮೇಲೆ ವಿಚಾರಣೆಗೆ ಕರೆದರು, ಬೆಳಿಗ್ಗೆ ಹತ್ತೂವರೆಗೆ. ಅಧಿಕಾರಿ ಬಂದದ್ದು ಮಧ್ಯಾಹ್ನ ಒಂದಕ್ಕೆ. ಅವರ ವಿಳಂಬಕ್ಕೆ ಅಫಿಡವಿಟ್ಟು ಕೇಳುವವರು ಯಾರೂ ಅಲ್ಲಿರಲಿಲ್ಲ.

ಅಲ್ಲಿಯವರೆಗೆ ಕಾರಿಡಾರಿನ ಬೆಂಚಿನ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಮೇಷ್ಟ್ರು. ನಡುವೆ ಇದ್ದ ಅತ್ತಿಗೆ ನೀರು ಕುಡಿದು ಬರುತ್ತೇನೆಂದು ಎದ್ದು ಹೋದವಳು ಬರಲೇ ಇಲ್ಲ, ಬೇಕಂತಲೇ. ಮೇಷ್ಟ್ರು ನನ್ನ ಬೆರಳಿನ ಅಂಟಿನ ಕಲೆಗಳನ್ನೇ ನೋಡುತ್ತಿದ್ದರು. ನಾನು ತಿರುಗಿದ ಕೂಡಲೇ ಗೋಡೆಯ ಗಡಿಯಾರ ನೋಡಿದರು. ಗಡಿಯಾರ ಕೆಟ್ಟು ನಿಂತಿತ್ತು. ನಗು ಬಂತು, ನುಂಗಿಕೊಂಡೆ.

ಅಧಿಕಾರಿ ನನ್ನಮ್ಮನ ವಯಸ್ಸಿನ ಹೆಂಗಸು. ಇಪ್ಪತ್ತೆಂಟರಲ್ಲಿ ಮೊದಲ ಹದಿನೈದು ದಿನ, ಕೊನೆಯ ಎರಡು ದಿನ ಸರಿ, ನಡುವಿನ ಹನ್ನೊಂದು ದಿನಕ್ಕೆ ಏನು ಕಾರಣ ಅಂತ ಗೊಣಗುತ್ತ ಮೇಷ್ಟ್ರ ಅಫಿಡವಿಟ್ಟನ್ನು ಗಟ್ಟಿಯಾಗಿ ಓದತೊಡಗಿದರು, ದಿನಸಿ ಚೀಟಿ ಓದುವ ಹಾಗೆ.

"ಒಂದನೇ ದಿನ ಹೇಳಲೆಂದೇ ಹೋದೆ. ಆಕೆ ಹೊಸ ಆರ್ಡರು ಸಿಕ್ಕ ಖುಷಿಯಲ್ಲಿದ್ದರು. ಹೇಳಲಾಗಲಿಲ್ಲ. ನಾಲ್ಕನೇ ದಿನ ನನ್ನ ಮಾತಿಗೆ ನಕ್ಕರು. ಹೇಳಲಾಗಲಿಲ್ಲ. ಎಂಟನೇ ದಿನ ಬೇರೆ ಓಲೆ ಹಾಕಿದ್ದರು." ಅಧಿಕಾರಿ ಕನ್ನಡಕ ತೆಗೆದು ಮೇಷ್ಟ್ರನ್ನು ನೋಡಿ, ಮತ್ತೆ ಹಾಕಿಕೊಂಡರು. "ಹೇಳಿದ ಮೇಲೆ ನನ್ನನ್ನು ಒಳಗೆ ಬಿಡುವುದಿಲ್ಲವೆಂದು ತಿಳಿದಿತ್ತು. ಇನ್ನೊಂದು ದಿನ ನೋಡಿಬಿಡೋಣ ಅನ್ನಿಸುತ್ತಿತ್ತು. ಹೀಗೆ ಹನ್ನೊಂದು ದಿನ."

ಪಕ್ಕದ ಮೇಜಿನಲ್ಲಿದ್ದ ಟೈಪಿಸ್ಟರ ಕೈ ನಿಂತಿತು. ನನ್ನ ಕೈ ಕಿವಿಯ ಓಲೆಗೆ ಹೋಯಿತು.

"ಇದು ತಕ್ಕ ಕಾರಣ ಅಂತ ಕಾನೂನಲ್ಲಿ ಎಲ್ಲಿದೆ?" ಅಂದರು ಅಧಿಕಾರಿ.

"ಎಲ್ಲೂ ಇಲ್ಲ ಮೇಡಂ. ತಪ್ಪು ನನ್ನದು. ಅವರ ತಲೆಗೆ ಕಟ್ಟಬೇಡಿ."

ಅಷ್ಟು ಹೊತ್ತು ತಡೆದುಕೊಂಡಿದ್ದೆ, ಇನ್ನು ನನ್ನಿಂದ ಆಗಲಿಲ್ಲ. ಎದ್ದು ನಿಂತೆ.

"ಮೇಡಂ, ಈ ಆದೇಶ ಬರೆಯೋಕೆ ಇಲಾಖೆ ತಗೊಂಡಿದ್ದು ಹದಿನಾಲ್ಕು ತಿಂಗಳು. ನಾನು ತಡ ಮಾಡಿದ್ದು ಇಪ್ಪತ್ತೆಂಟು ದಿನ. ವಸೂಲಿಗೆ ಬರುವವರಿಗೆ ನಮ್ಮ ಬಾಗಿಲು ಸಿಗುತ್ತೆ, ಆದೇಶ ತಂದುಕೊಡೋಕೆ ಮಾತ್ರ ಯಾರಿಗೂ ಸಿಗಲ್ಲ. ಇವರು ಹನ್ನೊಂದು ದಿನ ಬಾಯಿ ಬಿಡಲಿಲ್ಲ. ಅದಕ್ಕೆ ಇವರನ್ನ ನಾನು ನೋಡ್ಕೋತೀನಿ. ನೀವು ನಮ್ಮ ಬಿಲ್ಲು ನೋಡಿ, ಸಾಕು."

ಅಧಿಕಾರಿ ನನ್ನನ್ನು ನೋಡಿದರು, ಮೇಷ್ಟ್ರನ್ನು ನೋಡಿದರು. ಆಮೇಲೆ ಟೈಪಿಸ್ಟಿಗೆ ಹೇಳಿದರು: ಮೇಲ್ಮನವಿದಾರರ ತಪ್ಪು ಕಾಣುವುದಿಲ್ಲ, ವಿಳಂಬ ಮನ್ನಿಸಿದೆ, ಬಿಲ್ಲುಗಳ ಪರಿಶೀಲನೆಗೆ ಮುಂದಿನ ತಿಂಗಳು.

ಹೊರಗೆ ಬಂದು ಸರಸರ ನಡೆದೆ. ಮೇಷ್ಟ್ರು ಹಿಂದೆಯೇ ಮೆಟ್ಟಿಲಿಳಿದರು. ಅಷ್ಟರಲ್ಲಿ ಏಳು ಅಂಗಡಿಯವರು ಅವರನ್ನು ಬಿಟ್ಟಿದ್ದರೆಂದು ನನಗೆ ಗೊತ್ತಿತ್ತು. ಅವರು ಮಾತ್ರ ಅದನ್ನು ಒಮ್ಮೆಯೂ ಹೇಳಿರಲಿಲ್ಲ.

"ಮೇಡಂ ಮನ್ನಿಸಿದ್ರು," ಅಂದರು. "ನೀವು?"

"ನಾನು ಮನ್ನಿಸಿಲ್ಲ. ನನಗೆ ಹೇಳಬೇಕಾದ್ದನ್ನ ಸರ್ಕಾರಕ್ಕೆ ಬರೆದುಕೊಟ್ರಿ. ಅದನ್ನ ಇನ್ನೊಬ್ಬರ ಬಾಯಲ್ಲಿ ಕೇಳಿಸಿಕೊಂಡೆ ನಾನು. ಈಗ ನೀವೇ ಹೇಳಿ."

ಫೈಲು ಹಿಡಿದವರು ನಮ್ಮ ಎರಡೂ ಬದಿಯಲ್ಲಿ ಹತ್ತಿ ಇಳಿಯುತ್ತಿದ್ದರು. ಇಲ್ಲೇನಾ ಅಂದರು ಮೇಷ್ಟ್ರು. ಇಲ್ಲೇ, ಈಗಲೇ ಅಂದೆ.

"ನೀವಂದ್ರೆ ನನಗೆ ಇಷ್ಟ," ಅಂದರು. "ತುಂಬಾ ದಿನದಿಂದ. ಆ ಕಾಗದಕ್ಕೂ ಮುಂಚೆಯಿಂದ."

ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವರ ಕೈ ಹಿಡಿದುಕೊಂಡೆ, ನೋಯುವಷ್ಟು ಗಟ್ಟಿಯಾಗಿ. ಅವರು ಬಿಡಿ ಅನ್ನಲಿಲ್ಲ.